ನೀರುಗಂಟಿಯ ಹೆಂಡತಿ ಮಂಗಳೂರಿಗೆ ಹೋದದ್ದು

ಸಮುದ್ರ ನೋಡಬೇಕು ಎಂದು ಅಂಜಿನವ್ವ ಹಟ ಹಿಡಿದಾಗ ಮನೆಯವರೆಲ್ಲ ನಕ್ಕರು. ದಾವಣಗೆರೆ ಬಿಟ್ಟರೆ ಪಕ್ಕದ ಬಾತಿ, ಬಾತಿ ಬಿಟ್ಟರೆ ತವರುಮನೆ ಹರಿಹರ, ಇಷ್ಟರಲ್ಲೇ ಆಯುಷ್ಯ ಸವೆಸಿದ ಹೆಂಗಸಿಗೆ ಈಗೆಲ್ಲಿಯ ಸಮುದ್ರದ ಹುಚ್ಚು? ಮಗಳು ಸಹನಾ ಮಾತ್ರ ಅವ್ವನ ಮುಖ ನೋಡಿ, ಹೆಚ್ಚು ಕೇಳದೆ, ಮಂಗಳೂರಿಗೆ ಬಸ್ಸನ್ನೂ ಲಾಡ್ಜಿನ ಒಂದು ರೂಮನ್ನೂ ಮೊಬೈಲಿನಲ್ಲೇ ಬುಕ್ ಮಾಡಿಕೊಟ್ಟಳು. ಶನಿವಾರ, ಭಾನುವಾರ, ಎರಡೇ ದಿನ.

ನಿಜ ಹೇಳಬೇಕೆಂದರೆ ಅಂಜಿನವ್ವನಿಗೆ ಸಮುದ್ರ ಬೇಕಾಗಿರಲಿಲ್ಲ. ಗಂಡ ಎದ್ದು ಓಡಲಾಗದಷ್ಟು ದೂರದ ಒಂದು ಜಾಗ ಬೇಕಾಗಿತ್ತು.

ಗಂಡ ಲಿಂಗಣ್ಣ ದಾವಣಗೆರೆಯ ಸರಸ್ವತಿ ನಗರದ ನೀರುಗಂಟಿ. ಬೀದಿಬೀದಿಯ ವಾಲ್ವ್ ತಿರುಗಿಸಿ ಮನೆಗಳ ನಲ್ಲಿಗೆ ನೀರು ಬಿಡುವ ಕೆಲಸ. ನೀರು ದಿನಾ ಬರುವ ಕಡೆ ಅವನನ್ನು ಯಾರು ಮೂಸಿ ನೋಡುತ್ತಿದ್ದರೋ! ಇಲ್ಲಿ ವಾರಗಟ್ಟಲೆ ಕಾದು ಹಿಡಿಯುವ ನೀರು ನೋಡಿ, ಹಾಗಾಗಿ ಬಡಾವಣೆಯ ಎಲ್ಲರ ಫೋನಿನಲ್ಲೂ ಲಿಂಗಣ್ಣನ ನಂಬರು. "ಎಷ್ಟೊತ್ತಿಗೆ ಬಿಡ್ತೀರಿ?" "ನಮ್ ಸಾಲಿಗೆ ಯಾಕ ಸಣ್ಣಗೆ ಬರ್ತೈತೆ?" "ಮನೇಲಿ ನೆಂಟ್ರು ಬಂದಾರೆ, ಸಂಪು ತುಂಬಿಲ್ಲ!" ಲಿಂಗಣ್ಣನೋ, ದೇವರಂಥ ಮನುಷ್ಯ. ಬೈದವರಿಗೂ "ಹೇಳ್ರಿ ಅಕ್ಕಾರೆ, ಏನಾಗೈತ್ರಿ, ನಿಧಾನಕ್ಕೆ ಹೇಳ್ರಿ" ಎಂದೇ ಉತ್ತರ. ಮನೆಗೆ ಬಂದರೆ ಮಾತ್ರ ಆ ಬಾಯಿಗೆ ಬೀಗ. ದಣಿದು ತಟ್ಟೆಯ ಮುಂದೆ ಕೂತರೆ ಒಂದು "ಹ್ಞೂ", ಒಂದು "ಹ್ಞಾಂ", ಆಮೇಲೆ ಗೊರಕೆ. ಪಾಪ, ಅವನದೂ ತಪ್ಪಲ್ಲ ಅನ್ನಿ. ಆದರೆ ಕಟ್ಟಿಕೊಂಡವಳ ಪಾಡೇನು?

ಎರಡು ತಿಂಗಳಿಂದ ಅಂಜಿನವ್ವನಿಗೆ ಕಿಬ್ಬೊಟ್ಟೆಯ ನೋವು, ನಿಲ್ಲದ ರಕ್ತ. ಎಂ.ಸಿ.ಸಿ. ಬಡಾವಣೆಯ ಡಾಕ್ಟರಮ್ಮ ಸ್ಕ್ಯಾನಿಂಗ್ ನೋಡಿ, ಗರ್ಭಕೋಶ ತೆಗೆಯಲೇಬೇಕು ಎಂದಿದ್ದರು. ಬರುವ ಗುರುವಾರವೇ ಆಪರೇಷನ್ನು. "ಮನೇರನ್ನ ಕರ್ಕೊಂಡು ಬರ್ರಿ. ಆಮೇಲೂ ಸ್ವಲ್ಪ ದಿನ ಅವರು ಜೊತೆಗಿರಬೇಕು" ಎಂದೂ ಹೇಳಿ ಕಳಿಸಿದ್ದರು. ಅದನ್ನು ಗಂಡನಿಗೆ ಹೇಳಬೇಕು, ಇಷ್ಟೇ. ಆದರೆ "ರೀ, ಒಂದ್ ಮಾತು" ಎಂದು ಇವಳು ಬಾಯಿ ತೆಗೆಯುವುದಕ್ಕೂ ಆ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ಹಾಳಾದ್ದು! ಮಗಳಿಗೂ ಹೇಳಿರಲಿಲ್ಲ. ಮೊದಲು ಗಂಡ ಕೇಳಲಿ, "ಏನಾಗೈತೆ ನಿನಗೆ" ಎಂದು ಅವನೇ ಕೇಳಲಿ ಎನ್ನುವ ಒಂದು ಸಣ್ಣ ಆಸೆ ಅವಳಿಗೆ.

ಶುಕ್ರವಾರ ಸಂಜೆ ಲಿಂಗಣ್ಣ ಪಕ್ಕದ ಬಡಾವಣೆಯ ನೀರುಗಂಟಿ ರಿಯಾಜನಿಗೆ ತನ್ನ ಬೀದಿಗಳನ್ನು ಒಪ್ಪಿಸಿ ಬಸ್ಸು ಹತ್ತಿದ. ಹರಿಹರ ದಾಟುವಷ್ಟರಲ್ಲೇ ಫೋನು ಶುರು. "ರಿಯಾಜ್ ಬಿಡ್ತಾನ್ರಿ" ಎಂದರೆ ಯಾರಿಗೂ ಸಮಾಧಾನವಿಲ್ಲ. ಅಂಜಿನವ್ವ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ಮಂಗಳೂರೇನೋ ಜಾತ್ರೆಯ ಹಾಗೆ ಗಿಜಿಗಿಜಿ ಎನ್ನುತ್ತಿತ್ತು. ಲಾಡ್ಜಿನಲ್ಲಿ ಯಾವಾಗ ತಿರುಗಿಸಿದರೂ ನಲ್ಲಿಯಲ್ಲಿ ನೀರು. ಆದರೂ ಅಂಜಿನವ್ವ ಹೋದಕೂಡಲೇ ಬಕೆಟ್ಟು, ಮಗ್ಗು, ಕುಡಿಯುವ ಲೋಟ ಎಲ್ಲವನ್ನೂ ತುಂಬಿಟ್ಟಳು. ಅದನ್ನು ನೋಡಿ ಲಿಂಗಣ್ಣ ನಕ್ಕ. ಆ ನಗೆಯ ಬೆನ್ನಿಗೇ ಹೇಳಿಬಿಡೋಣ ಎಂದುಕೊಂಡಳು, ಅಷ್ಟರಲ್ಲಿ ಫೋನು. ಮಧ್ಯಾಹ್ನ ಎತ್ತರದ ಗಾಜಿನ ಲೋಟದಲ್ಲಿ ಗಡ್‌ಬಡ್ ಐಸ್‌ಕ್ರೀಮು ಬಂತು. ಫೋನು ಹಿಡಿದು ಹೊರಗೆ ಹೋದವನು ಬರುವಷ್ಟರಲ್ಲಿ ಅವನ ಪಾಲಿನದು ಕರಗಿ ಪಾಯಸವಾಗಿತ್ತು. ಶನಿವಾರ ಹಾಗೆ ಹೋಯಿತು. ಭಾನುವಾರದ ಬೆಳಗೂ ಹೋಯಿತು.

ಸಂಜೆ ಪಣಂಬೂರಿನ ದಂಡೆ. ನೀರಿಗೆ ಬಿದ್ದು ಕೂಗುವ ಹುಡುಗರು, ಒಂಟೆಯ ಮೇಲೆ ಕೂತು ಅಳುವ ಕೂಸು, ಚುರುಮುರಿಯವರ ಡಬ್ಬದ ಸದ್ದು. ರಾತ್ರಿ ವಾಪಸು ಬಸ್ಸು. ಅಂಜಿನವ್ವ ಮರಳಿನ ಮೇಲೆ ಕುಸಿದು ಕೂತಳು. ಲಿಂಗಣ್ಣ ಸ್ವಲ್ಪ ಮುಂದೆ, ಪ್ಯಾಂಟು ಮಡಚಿಕೊಂಡು, ಸಮುದ್ರಕ್ಕೆ ಮುಖ ಮಾಡಿ ಯಾರದೋ ಸಂಪಿನ ಸಮಾಚಾರ ಕೇಳುತ್ತಿದ್ದ. ಇನ್ನು ಇವನನ್ನು ಕೂಗುವುದೆಂದರೆ ಅವಳಿಗೆ ಸಾಕುಸಾಕಾಗಿತ್ತು. ಊರೆಲ್ಲ ಹಿಡಿಯುವ ದಾರಿಯನ್ನೇ ತಾನೂ ಯಾಕೆ ಹಿಡಿಯಬಾರದು? ಅವನು ಮಾತು ಮುಗಿಸಿದ್ದನ್ನು ನೋಡಿ, ಸೆರಗಿನ ಗಂಟಿನಿಂದ ತನ್ನ ಬಟನ್ ಫೋನು ತೆಗೆದು ಒತ್ತಿದಳು.

ಹೆಸರು ನೋಡಿ ಎತ್ತುವ ಅಭ್ಯಾಸ ಲಿಂಗಣ್ಣನಿಗಿಲ್ಲ. "ಹೇಳ್ರಿ ಅಕ್ಕಾರೆ," ಎಂದ.

ಅಂಜಿನವ್ವ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಹಲೋ? ಏನಾಗೈತ್ರಿ ಅಕ್ಕಾರೆ? ಗಾಬರಿ ಬ್ಯಾಡ, ನಿಧಾನಕ್ಕೆ ಹೇಳ್ರಿ. ನಾ ಕೇಳ್ತಾ ಇದೀನಿ."

ಅಯ್ಯೋ, ಎಷ್ಟು ಮೆತ್ತಗಿನ ಮಾತು! ಎರಡು ತಿಂಗಳು ಕಾದ ಮಾತು. "ಗರ್ಭಕೋಶ ತೆಗೀಬೇಕಂತ್ರಿ," ಎಂದಳು. "ಗುರುವಾರ ಆಪರೇಷನ್ನು. ಮನೇರು ಜೊತೆಗಿರಬೇಕಂತ ಡಾಕ್ಟ್ರು ಹೇಳ್ಯಾರೆ. ಅವರಿಗೆ ಬಿಡುವಿರತೈತೋ ಇಲ್ಲೋ ಗೊತ್ತಿಲ್ರಿ."

ಅಲೆಯ ಸದ್ದಿನಲ್ಲಿ ಅವನಿಗೆ ದನಿಯ ಗುರುತು ಹತ್ತಲಿಲ್ಲ. "ಛೇ ಛೇ, ಇರಬೇಕ್ರಿ, ಇರದೆ ಹೆಂಗೆ? ಯಾವ ಕ್ರಾಸಿನೋರ್ರಿ ನೀವು?"

"ನಿಮ್ಮ ಹಿಂದೇನೇ ಕುಂತೀನ್ರಿ."

ಲಿಂಗಣ್ಣ ತಿರುಗಿದ. ಫೋನನ್ನು ಕಿವಿಯಿಂದ ಇಳಿಸುವುದನ್ನೂ ಮರೆತು, ಮರಳಿನಲ್ಲಿ ಕಾಲೆಳೆಯುತ್ತ ಬಂದು ಅವಳ ಪಕ್ಕ ಕುಕ್ಕರಿಸಿದ.

"ಎಷ್ಟು ದಿನಾತು?"

"ಎರಡು ತಿಂಗಳು."

"ನನಗೊಂದು ಮಾತು ಹೇಳಬಾರದೇನೇ?"

ಜಗಳಕ್ಕೂ ತ್ರಾಣವಿರಲಿಲ್ಲ ಅವಳಲ್ಲಿ. "ಈಗ ಹೇಳಿದ್ನಲ್ರಿ," ಎಂದಳು.

ಮತ್ತೆ ಫೋನು. ಲಿಂಗಣ್ಣ ಎತ್ತಿದ. "ನಾ ಇನ್ನ ಸ್ವಲ್ಪ ದಿನ ಕೆಲಸಕ್ಕೆ ಬರಲ್ರಿ ಅಕ್ಕಾರೆ. ನನ್ನ ಹೆಂಡ್ತಿಗೆ..." ಎಂದು ಶುರುಮಾಡಿದವನಿಗೆ ಮುಂದೆ ಹೇಳಲಾಗಲಿಲ್ಲ. ಬಾಯಿಗೆ ಹೆಗಲ ಟವೆಲ್ ಒತ್ತಿಕೊಂಡು, ಅಷ್ಟು ಜನರ ನಡುವೆ, ಅತ್ತುಬಿಟ್ಟ.

ಆ ಕಡೆಯಿಂದ "ಹಲೋ, ಹಲೋ" ಎನ್ನುತ್ತಲೇ ಇದ್ದರು. ಅಂಜಿನವ್ವ ಫೋನು ಕಸಿದುಕೊಂಡಳು.

"ಆಮೇಲೆ ಮಾಡ್ರಿ ಅಕ್ಕಾರೆ," ಎಂದಳು. "ಇವರೀಗ ಹೆಂಡ್ತಿ ಜೊತೆ ಮಾತಾಡ್ತಾ ಅದಾರೆ."