ವಿಮಾನ ನಿಲ್ದಾಣದ ತೋಟದಲ್ಲಿ ಅಕಸ್ಮಾತ್ತಾಗಿ ಸಿಕ್ಕವರು

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಇನ್ನೊಂದು ನೋಡುವುದು ಇದೆ. ಅದಕ್ಕೆ ಹೆಸರಿಲ್ಲ. ಎರಡೂ ಮನೆಯವರು ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಹೋಗಬೇಕು. ಆದರೆ ಹೇಳಿಕೊಂಡು ಹೋದ ಹಾಗಿರಬಾರದು. ಸಂಬಂಧ ತಂದ ಮಧ್ಯಸ್ಥರು ಬಂದು ಪರಿಚಯ ಮಾಡಿಸುವ ತನಕ ಯಾರೂ ಯಾರನ್ನೂ ಗುರುತಿಸುವಂತಿಲ್ಲ. ಒಪ್ಪಿಗೆಯಾದರೆ ಮುಂದೆ ಮನೆಗೆ ಬಂದು ಕ್ರಮಪ್ರಕಾರ ಉಪ್ಪಿಟ್ಟು, ಕೇಸರಿಬಾತು ತಿನ್ನುತ್ತಾರೆ. ಆಗದಿದ್ದರೆ ಯಾರೂ ಯಾರನ್ನೂ ಬೇಡ ಅಂದಂತಾಗುವುದಿಲ್ಲ, ಯಾಕೆಂದರೆ ಯಾರೂ ಯಾರನ್ನೂ ಭೇಟಿಯೇ ಆಗಿಲ್ಲ. ಮರ್ಯಾದಸ್ಥರಿಗಾಗಿ ಮಾಡಿದ ಒಳ್ಳೆಯ ಏರ್ಪಾಡು ಅದು.

ಮೊದಲೆಲ್ಲ ಇದಕ್ಕೆ ದೇವಸ್ಥಾನಗಳಿದ್ದವು. ನನ್ನ ತಂಗಿಯ ಮಗಳ ವಿಷಯದಲ್ಲಿ ಮಧ್ಯಸ್ಥರು ವಿಮಾನ ನಿಲ್ದಾಣ ಅಂದರು. ಅವರು ಶಿವಮೊಗ್ಗದ ಗೋಪಾಳದಲ್ಲಿರುವ ನಿವೃತ್ತ ಮೇಷ್ಟ್ರು, ಎರಡೂ ಕಡೆಗೆ ದೂರದ ನೆಂಟರು. ನಿಲ್ದಾಣದ ಗೇಟಿನ ಹೊರಗೆ ಹೊಸದಾಗಿ ಒಂದು ತೋಟ, ಒಂದಷ್ಟು ಅಂಗಡಿ, ಕಾಫಿ ಹೋಟೆಲು ಆಗಿವೆ, ಟಿಕೆಟ್ ಇಲ್ಲದವರನ್ನೂ ಬಿಡುತ್ತಾರೆ ಅಂದರು. ಭದ್ರಾವತಿಯಿಂದ ಬರುವ ನಮಗೂ ಶಿವಮೊಗ್ಗದ ಕಡೆಯಿಂದ ಬರುವ ಅವರಿಗೂ ಅನುಕೂಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿಗೆ ನಮ್ಮ ಪೈಕಿ ಜನ ಯಾರೂ ಬರುವುದಿಲ್ಲ ಅನ್ನುವುದು ಅವರ ಲೆಕ್ಕ.

ನನ್ನನ್ನು ಕರೆದುಕೊಂಡು ಹೋದದ್ದು ಸೋದರಮಾವ ಅನ್ನುವ ಕಾರಣಕ್ಕೆ ಮಾತ್ರ ಅಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಮೀಸೆ ನರೆಯಲು ಶುರುವಾದ ಮೇಲೆ. ಅವತ್ತಿನಿಂದ ಮನೆಯಲ್ಲಿ ಎಲ್ಲಿ ನಾಲ್ಕು ಜನರ ಮುಂದೆ ಒಂದು ವಾಕ್ಯ ಸರಿಯಾಗಿ ಆಡಬೇಕಾಗುತ್ತದೋ ಅಲ್ಲಿಗೆ ನನ್ನನ್ನು ಮುಂದೆ ತಳ್ಳುತ್ತಾರೆ. ಈ ಸಲ ಆಡಬೇಕಾದ ವಾಕ್ಯ ಸೊಸೆಯದು, ಅಂದರೆ ತಂಗಿಯ ಮಗಳದು. ಅವಳು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡುವ ಕೆಲಸದಲ್ಲಿದ್ದಾಳೆ. ಹಗಲು ಪಾಳಿಯೂ ಇರುತ್ತದೆ, ರಾತ್ರಿ ಪಾಳಿಯೂ ಇರುತ್ತದೆ. ಹೊರಡುವ ಮುಂಚೆ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು.

"ಮದುವೆ ಆದ್ಮೇಲೂ ನಾನು ಕೆಲ್ಸ ಬಿಡಲ್ಲ ಮಾವ. ನೈಟ್ ಡ್ಯೂಟಿನೂ ಬಿಡಲ್ಲ. ಅದನ್ನ ಮೊದ್ಲು ಕೇಳಿ. ಮಿಕ್ಕಿದ್ದೆಲ್ಲ ಆಮೇಲೆ."

ಆಗಲಿ ಅಂದೆ. ಆಮೇಲೆ ತಂಗಿ ನನ್ನನ್ನು ಹಿತ್ತಲಿಗೆ ಕರೆದಳು. ಒಳ್ಳೆ ಮನೆತನ, ಹೊಳಲೂರಲ್ಲಿ ಜಮೀನು, ಹುಡುಗ ಸೊಸೈಟಿಯಲ್ಲಿ ನೌಕರಿಗಿದ್ದಾನೆ. ಇದಕ್ಕೆ ಮುಂಚೆ ಬಂದ ಸಂಬಂಧಗಳು ಇದೇ ರಾತ್ರಿ ಪಾಳಿಯ ಮಾತಿಗೆ ಮುರಿದು ಬಿದ್ದಿವೆ. ಆದ್ದರಿಂದ ಆ ಮಾತನ್ನು ಕೊನೆಗೆ ಎತ್ತು, ಎತ್ತದಿದ್ದರೆ ಇನ್ನೂ ಒಳ್ಳೆಯದು ಅಂದಳು. ಅದಕ್ಕೂ ಆಗಲಿ ಅಂದೆ. ನ್ಯೂ ಟೌನಿನಿಂದ ಆಟೋದಲ್ಲಿ ಹೋಗುತ್ತಾ ದಾರಿಯುದ್ದಕ್ಕೂ ನನ್ನ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ.

ನಮ್ಮ ಜನ ಯಾರೂ ಬರುವುದಿಲ್ಲ ಅಂದಿದ್ದ ಜಾಗದಲ್ಲಿ ಅರ್ಧ ಭದ್ರಾವತಿ ನೆರೆದಿತ್ತು. ಯಾರೂ ವಿಮಾನ ಹತ್ತಲು ಬಂದವರಲ್ಲ. ಗೋಡೆಗೆ ನೆಟ್ಟಗೆ ಗಿಡ ಹತ್ತಿಸಿ ಅದನ್ನೇ ತೋಟ ಮಾಡಿದ್ದರು. ಜನ ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ಕಡೆ ದೊಡ್ಡ ಕುಂಡಗಳಲ್ಲಿ ಅಡಿಕೆ ಸಸಿ ಇಟ್ಟು, ಇದು ಅಡಿಕೆ ಅಂತ ಬೋರ್ಡು ಹಾಕಿದ್ದರು. ಅದನ್ನು ನಿಂತು ಓದುತ್ತಿದ್ದವರೆಲ್ಲ ಅಡಿಕೆ ಬೆಳೆಯುವವರೇ. ಅಂಗಡಿಯಲ್ಲಿ ನಮ್ಮ ಮನೆ ಅಟ್ಟದ ಮೇಲಿರುವಂಥದೇ ಮಿಡಿ ಉಪ್ಪಿನಕಾಯಿಗೆ ರಿಬ್ಬನ್ ಕಟ್ಟಿಟ್ಟಿದ್ದರು. ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಎದುರಾಗಿ, ಯಾರನ್ನು ಹತ್ತಿಸಲು ಬಂದಿರಿ ಅಂತ ಕೇಳಿದರು. ಸುಮ್ಮನೆ ತೋಟ ನೋಡಲು ಅಂದೆ. ಅವರು ಸೊಸೆಯ ಸೀರೆ ನೋಡಿದರು, ನನ್ನ ಇಸ್ತ್ರಿ ಅಂಗಿ ನೋಡಿದರು, ಒಳ್ಳೇದಾಗ್ಲಿ ಅಂತ ಹೇಳಿ ಹೋದರು.

ಗಂಡಿನ ಕಡೆಯವರು ನಮಗಿಂತ ಮುಂಚೆ ಬಂದಿದ್ದರು. ಮೊಬೈಲಿನಲ್ಲಿ ಫೋಟೋ ನೋಡಿದ್ದರಿಂದ ಗುರುತು ಹತ್ತಿತು. ವಿಭೂತಿ ಇಟ್ಟ ತಂದೆ, ಹಸಿರು ಸೀರೆಯ ತಾಯಿ, ಮಧ್ಯೆ ಹುಡುಗ. ಅವರೂ ನಮ್ಮನ್ನು ನೋಡಿದರು. ತಕ್ಷಣ ಎರಡೂ ಕಡೆಯವರು ಗಿಡ ನೋಡತೊಡಗಿದೆವು.

ಮಧ್ಯಸ್ಥರು ಬಂದಿರಲಿಲ್ಲ. ಫೋನ್ ಮಾಡಿದರೆ ಇಲ್ಲೇ ಇದೀನಿ ಅಂದರು. ಸ್ವಲ್ಪ ಹೊತ್ತು ಬಿಟ್ಟು ಮಾಡಿದರೆ ಮತ್ತೂ ಹತ್ತಿರ ಇದೀನಿ ಅಂದರು. ಅವರ ಹಿಂದೆ ಬಸ್ಸಿನ ಕಂಡಕ್ಟರನ ಸೀಟಿ ಕೇಳಿಸುತ್ತಿತ್ತು.

ಅಲ್ಲಿಯ ತನಕ ನಾವು ಒಬ್ಬರಿಗೊಬ್ಬರು ಸಿಗದ ಹಾಗೆ ತಿರುಗಾಡಬೇಕಾಯಿತು. ಜಾಗ ದೊಡ್ಡದಲ್ಲ. ಅವರು ಕಾರಂಜಿಗೆ ಬಂದರೆ ನಾವು ಉಪ್ಪಿನಕಾಯಿಗೆ ಹೋದೆವು. ನಾವು ಕಾರಂಜಿಗೆ ಬಂದರೆ ಅವರು ಅಡಿಕೆಗೆ ಹೋದರು. ಒಂದು ವಿಮಾನ ಇಳಿಯಿತು. ಎಲ್ಲರೂ ಬೇಲಿಯ ಹತ್ತಿರ ಓಡಿದಾಗ ನಾನೂ ಹುಡುಗನ ತಂದೆಯೂ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲಬೇಕಾಯಿತು. ಅವರು ವಿಮಾನಕ್ಕೆ ಹೇಳುವ ಹಾಗೆ, ಚೆನ್ನಾಗಿದೆ ಅಂದರು. ನಾನೂ ವಿಮಾನದ ಕಡೆಯೇ ನೋಡುತ್ತಾ ಹೌದು ಅಂದೆ. ಸೀರೆ ಅಂಗಡಿಯಲ್ಲಿ ನನ್ನ ತಂಗಿಯೂ ಹುಡುಗನ ತಾಯಿಯೂ ಒಂದೇ ಸೀರೆಯ ಎರಡು ಕಡೆಯ ಅಂಚು ಹಿಡಿದು ನೋಡಿದರಂತೆ. ಈ ಬಣ್ಣ ಎಲ್ಲರ ಮೈಗೂ ಒಪ್ಪಲ್ಲ ಅಂತ ಅವರು ಅಂಗಡಿಯವಳಿಗೆ ಹೇಳಿದರಂತೆ. ತಂಗಿ ಹೊರಗೆ ಬಂದವಳು, ಅದು ನಮ್ಮ ಹುಡುಗಿಯ ಬಣ್ಣಕ್ಕೆ ಅಂದ ಮಾತು ಅಂತ ಕಣ್ಣೊರೆಸಿಕೊಂಡಳು. ಸೀರೆಗೆ ಅಂದಿರಬಹುದು ಅಂತ ನಾನು ಸಮಾಧಾನ ಮಾಡಿದೆ.

ಸೊಸೆಗೆ ಮಧ್ಯಾಹ್ನದ ಪಾಳಿಗೆ ಹೋಗಬೇಕಿತ್ತು. ಕಾಫಿ ಕುಡಿಯುತ್ತೇನೆ ಅಂತ ಹೋಟೆಲಿಗೆ ನಡೆದಳು, ನಾವು ಹಿಂದೆ ಹೋದೆವು. ಕುರ್ಚಿಗಳೆಲ್ಲ ಭರ್ತಿ. ಹುಡುಗ ಮಾತ್ರ ಒಂದು ಮೇಜಿಗೆ ಒಬ್ಬನೇ ಕೂತಿದ್ದ. ನಮಗೆ ಚೆನ್ನಾಗಿ ಕಾಣಲಿ ಅಂತ ಮನೆಯವರೇ ಅಲ್ಲಿ ಕೂರಿಸಿದ್ದರು ಅನಿಸುತ್ತದೆ. ಸೊಸೆ ಕಾಫಿ ಲೋಟ ಹಿಡಿದುಕೊಂಡು ಹೋಗಿ ಅವನ ಎದುರು ಕೂತಳು. ತಂಗಿ ನನ್ನ ತೋಳು ಹಿಡಿದಳು. ಪಕ್ಕದಲ್ಲಿ ಎಲೆ ತುಂಬಿದ ಒಂದು ದೊಡ್ಡ ಕುಂಡ ಇತ್ತು, ಅದರ ಹಿಂದೆ ನಿಂತೆವು. ಅದರ ಆಚೆ ಬದಿಯಲ್ಲಿ ಹಸಿರು ಸೀರೆ ಕಾಣಿಸುತ್ತಿತ್ತು.

"ನೀವು ನನ್ನ ನೋಡಕ್ಕೆ ಬಂದಿರೋರು ತಾನೇ?" ಅಂದಳು ಸೊಸೆ.

ಹುಡುಗ ಬಾಗಿಲ ಕಡೆ ನೋಡಿದ. "ಮೇಷ್ಟ್ರು ಇನ್ನೂ ಬಂದಿಲ್ಲ."

"ಅವ್ರು ಬರ್ಲಿ ಬಿಡಿ, ನಂಗೆ ಡ್ಯೂಟಿಗೆ ಹೊತ್ತಾಗತ್ತೆ. ಮದುವೆ ಆದ್ಮೇಲೂ ನಾನು ಕೆಲ್ಸಕ್ಕೆ ಹೋಗ್ತೀನಿ. ನೈಟ್ ಇದ್ದಾಗ ನೈಟಿಗೂ ಹೋಗ್ತೀನಿ. ನಿಮಗೆ ಆಗತ್ತಾ?"

ಅವನು ಸಕ್ಕರೆಯ ಪೊಟ್ಟಣ ತಿರುಗಿಸುತ್ತಾ ಕೂತ. ಕೆಟ್ಟ ಹುಡುಗನಲ್ಲ. "ನಂದೇನಿಲ್ಲ. ಅಮ್ಮನ್ನ ಕೇಳ್ಬೇಕು."

"ಕೇಳಿ. ಆ ಕುಂಡದ ಹಿಂದೆ ಇದಾರೆ."

ಕುಂಡದ ಆ ಕಡೆಯಿಂದ ತಾಯಿ ಬಂದರು, ಈ ಕಡೆಯಿಂದ ನಾನು. ಬಂದ ಮೇಲೆ ಸುಮ್ಮನಿರಲಾಗದೆ ನನ್ನ ವಾಕ್ಯ ಹೇಳಿಬಿಟ್ಟೆ: ನಮ್ಮ ಹುಡುಗಿಯ ಉದ್ಯೋಗದ ವಿಚಾರದಲ್ಲಿ ತಮ್ಮ ಅಭಿಪ್ರಾಯ ಏನೆಂದು ತಿಳಿಯಬಹುದೇ. ಒಂದು ಅಕ್ಷರವೂ ತಪ್ಪಲಿಲ್ಲ. ಯಾರೂ ನನ್ನ ಕಡೆ ನೋಡಲಿಲ್ಲ.

ತಾಯಿ ಕೂತುಕೊಂಡು ಸೊಸೆಯ ಹತ್ತಿರವೇ ಮಾತಾಡಿದರು. ದನಿ ಏರಿಸಲಿಲ್ಲ.

"ಹಗಲು ಹೋಗು, ನಾವು ಬೇಡ ಅನ್ನಲ್ಲ. ಮನೆ ಸೊಸೆ ರಾತ್ರಿ ಹೊರಗೆ ಹೋದ್ರೆ ಜನ ಏನಂತಾರೆ ಹೇಳಮ್ಮ."

"ಜನ ರಾತ್ರಿ ನಮ್ಮತ್ರನೇ ಬರ್ತಾರೆ, ಸೂಜಿ ಚುಚ್ಚಿಸ್ಕೊಳಕ್ಕೆ," ಅಂದಳು ಸೊಸೆ. ಹುಡುಗ ನಕ್ಕ. ತಾಯಿ ನೋಡಿದ ಮೇಲೆ ನಿಲ್ಲಿಸಿದ.

"ರಾತ್ರಿದು ಬಿಡ್ಬೇಕು."

"ಆಗಲ್ಲಮ್ಮ. ಹಾಗಾದ್ರೆ ಬೇಡ."

ಇಷ್ಟೇ. ಯಾರೂ ಯಾರಿಗೂ ಬೇಡ ಅನ್ನದಿರಲಿ ಅಂತ ಎರಡು ಮನೆಯವರು ಬೆಳಗ್ಗಿನಿಂದ ಗಿಡಗಳ ಹಿಂದೆ ಓಡಾಡಿದ್ದೆವು. ಸೊಸೆ ಅದನ್ನು ಹೇಳಿ ಮುಗಿಸಿ ಕಾಫಿ ಕುಡಿದಳು. ತಂಗಿ ಕುಂಡದ ಹಿಂದಿನಿಂದ ಹೊರಗೆ ಬರಲೇ ಇಲ್ಲ.

ಆದರೆ ಆಮೇಲೆ ನಡೆದದ್ದನ್ನು ನಾನು ಯಾವ ಮದುವೆ ಮಾತುಕತೆಯಲ್ಲೂ ಕಂಡಿರಲಿಲ್ಲ. ಇನ್ನು ಈ ಎರಡು ಮನೆಗಳ ನಡುವೆ ಏನೂ ಇಲ್ಲ ಅಂತ ಗೊತ್ತಾದದ್ದೇ ಎಲ್ಲರಿಗೂ ಮೈ ಹಗುರವಾಯಿತು. ಹುಡುಗನ ತಂದೆ ಬಂದು ಕೈಮುಗಿದು ತಮ್ಮ ಪರಿಚಯ ಹೇಳಿಕೊಂಡರು. ನನ್ನ ಅತ್ತಿಗೆಯ ತವರು ಅವರ ಪಕ್ಕದ ಊರು ಅಂತ ಗೊತ್ತಾಯಿತು. ಅಡಿಕೆಯ ಕೊಳೆರೋಗಕ್ಕೆ ಈ ಸಲ ಔಷಧಿ ಹೊಡೆಯಲು ಆಳು ಸಿಗದ ಕಥೆ ಹೇಳಿದರು. ತಂಗಿಯನ್ನು ಹುಡುಗನ ತಾಯಿಯೇ ಹೋಗಿ ಕರೆತಂದರು. ಆ ಸೀರೆ ಬಣ್ಣ ಹೋಗುವಂಥದು, ತಗೋಬೇಡಿ ಅಂತ ಆಗಲೇ ಹೇಳಬೇಕು ಅಂದುಕೊಂಡೆ, ಹೇಳೋ ಹಾಗಿರಲಿಲ್ಲವಲ್ಲ ಅಂದರು. ಇಷ್ಟು ದೂರ ಬಂದು ತೋಟದ ಫೋಟೋ ಇಲ್ಲದೆ ಹೋಗುವುದು ಹೇಗೆ ಅಂತ ಎಲ್ಲರೂ ಆ ಗಿಡದ ಗೋಡೆಯ ಮುಂದೆ ನಿಂತೆವು.

ಮಧ್ಯಸ್ಥರು ಬಂದದ್ದು ಆಗ. ಎರಡೂ ಮನೆಯವರು ನಗುತ್ತಾ ಫೋಟೋಗೆ ನಿಂತದ್ದನ್ನು ನೋಡಿ ಅವರ ಕಣ್ಣು ತುಂಬಿತು. ನಾನು ಬರೋದ್ರೊಳಗೇ ಕೂಡಿ ಬಂತಲ್ಲ ಅಂದರು. ನಾವು ಬಾಯಿ ಬಿಡುವ ಮೊದಲೇ ಹೋಗಿ ಪೇಡದ ಡಬ್ಬಿ ತಂದರು, ಅದಕ್ಕೂ ರಿಬ್ಬನ್ ಇತ್ತು. ಬಿಸಿಲಲ್ಲಿ ನಡೆದು ಬಂದ ವಯಸ್ಸಾದ ಮನುಷ್ಯ. ಎಲ್ಲರೂ ತಿಂದೆವು. ಹುಡುಗನ ತಂದೆ ಅವರನ್ನು ಅತ್ತ ಕರೆದುಕೊಂಡು ಹೋಗಿ ವಿಷಯ ತಿಳಿಸಿದರು.

ಸೊಸೆ ಶಿವಮೊಗ್ಗದ ಬಸ್ಸಿಗೆ ಹೊರಟಾಗ ಹುಡುಗನ ತಾಯಿ ಅವಳ ಹಿಂದೆ ನಾಲ್ಕು ಹೆಜ್ಜೆ ಹೋದರು. ಮನಸ್ಸು ಬದಲಾಯಿತೇನೋ ಅಂತ ತಂಗಿ ನನ್ನನ್ನೂ ಎಳೆದುಕೊಂಡು ಹತ್ತಿರ ಹೋದಳು.

"ನಮ್ಮಣ್ಣಂಗೆ ಕಿಡ್ನಿದು ತೊಂದ್ರೆ ಕಣಮ್ಮ," ಅನ್ನುತ್ತಿದ್ದರು ಅವರು. "ಡಯಾಲಿಸಿಸ್ ಮಾಡಿಸ್ಬೇಕು ಅಂದಿದಾರೆ. ಭಾರಿ ಹೆದ್ರಿದಾನೆ. ಗುರುತಿರೋರು ಒಬ್ರು ಹತ್ರ ಇದ್ರೆ ಧೈರ್ಯ. ಯಾವಾಗ ಬಂದ್ರೆ ನೀನು ಸಿಗ್ತೀಯ?"

ಸೊಸೆ ಬ್ಯಾಗಿನಿಂದ ಮೊಬೈಲು ತೆಗೆದು ಅವರ ನಂಬರು ಬರೆದುಕೊಂಡಳು.

"ಮೊದ್ಲು ಡಾಕ್ಟ್ರಿಗೆ ತೋರ್ಸಿ, ಅವ್ರು ಟೈಮ್ ಕೊಡ್ತಾರೆ. ಕೇಳಿದ್ರೆ ರಾತ್ರಿದು ಅನ್ನಿ. ಆಗ ಗಲಾಟೆ ಕಮ್ಮಿ, ನಾನೇ ಕೂತ್ಕೊಂಡು ನೋಡ್ಕೋತೀನಿ."

"ರಾತ್ರಿನೇ ಕರ್ಕೊಂಡು ಬರ್ತೀನಿ ಹಾಗಾದ್ರೆ," ಅಂದರು ಅವರು. "ನೀನು ತಪ್ಪಿಸ್ಬೇಡ ಮತ್ತೆ."

ತಪ್ಪಿಸಲ್ಲ ಅಂತ ಹೇಳಿ ಸೊಸೆ ಬಸ್ಸು ಹತ್ತಿದಳು.