ಮಾತು ಎರಡು ಸಲ ನಿಂತ ಸಾಯಂಕಾಲ

ಆ ಕಾಲದಲ್ಲಿ ಬೆಂಗಳೂರಿನ ನಮ್ಮ ಸಿದ್ದಾಪುರಕ್ಕೆ ಚಳಿಗಾಲ ಬಂತೆಂದು ಸಾರುತ್ತಿದ್ದದ್ದು ಎರಡು: ಬೀದಿ ತುಂಬ ಸೊಗಡು ಚೆಲ್ಲಿಕೊಂಡು ಬರುತ್ತಿದ್ದ ಅವರೆಕಾಯಿ ಗಾಡಿ, ಮತ್ತು ವಿಮಾನ. ಏರ್‌ಪೋರ್ಟ್ ಆಗ ಊರೊಳಗೇ ಇತ್ತು. ಮಳೆಗಾಲವಿಡೀ ಊರಿನ ಆಚೆ ಕಡೆಯಿಂದ ಇಳಿಯುತ್ತಿದ್ದ ವಿಮಾನಗಳು, ಮೂಡಣ ಗಾಳಿ ಶುರುವಾದ ಮೇಲೆ ದಿಕ್ಕು ಬದಲಿಸಿ, ಲಾಲ್‌ಬಾಗಿನ ಮರಗಳನ್ನು ದಾಟಿ, ಸೀದಾ ನಮ್ಮ ತಲೆಯ ಮೇಲಿಂದ ಇಳಿಯುತ್ತಿದ್ದವು.

ವಿಮಾನ ಬಂದರೆ ಬೀದಿಯೆಲ್ಲ ಮಾತು ನಿಲ್ಲಿಸಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಅಮ್ಮ ಸೊಪ್ಪಿನವನಿಗೆ "ಏನಪ್ಪಾ, ಕೊತ್ತಂಬರಿ ಕಟ್ಟು ಇಷ್ಟು ಸಣ್…" ಎಂದು ಅಲ್ಲಿಗೇ ನಿಲ್ಲಿಸಿ, ಕೈಯನ್ನು ಗಾಳಿಯಲ್ಲೇ ಇಟ್ಟುಕೊಂಡು, ಸದ್ದು ದಾಟಿದ ಮೇಲೆ "…ಣಕ್ಕೆ ಕಟ್ಟಿದ್ದೀಯ" ಎಂದು ಮುಗಿಸುತ್ತಿದ್ದಳು. ಸೊಪ್ಪಿನವನೂ ಆ ಅರ್ಧ ಮಾತಿಗೆ ಉತ್ತರ ಕೊಡುವ ಆತುರ ತೋರಿಸುತ್ತಿರಲಿಲ್ಲ. ಗಂಡ ಹೆಂಡತಿ ಜಗಳಗಳೂ ಅಷ್ಟೇ, ನಿಂತು ಮುಂದುವರಿಯುತ್ತಿದ್ದವು. ಎಷ್ಟು ಹೊತ್ತು ನಿಲ್ಲಬೇಕು ಅನ್ನುವ ಲೆಕ್ಕ ಎಲ್ಲರ ಮೈಯಲ್ಲೇ ಇತ್ತು. ಸದ್ದಿನ ಮೇಲೆ ಕಿರುಚಾಡುವವರನ್ನು ಕಂಡರೆ, ಹೊಸದಾಗಿ ಬಾಡಿಗೆಗೆ ಬಂದವರು ಎಂದು ನಾವು ಮಕ್ಕಳು ನಗುತ್ತಿದ್ದೆವು.

ನಮ್ಮ ಆಟವೂ ವಿಮಾನದ್ದೇ. ಟೆರೇಸಿನ ಮೇಲೆ ಕಣ್ಣು ಮುಚ್ಚಿ ಕೂತು, ಬರುತ್ತಿರುವುದು ದೊಡ್ಡದೋ ಸಣ್ಣದೋ ಎಂದು ಸದ್ದಿನಲ್ಲೇ ಹೇಳಬೇಕು. ತಪ್ಪಿದವರು ಅವತ್ತಿನ ಅವರೆಬೇಳೆ ಹಿತುಕಬೇಕು. ರಾತ್ರಿಯಿಡೀ ನೆಂದ ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪಿಚಕ್ಕನೆ ಹಾರಿ ಎದುರಿನವರ ಮೂಗಿಗೆ ಬಡಿಯುತ್ತಿತ್ತು. ಪಕ್ಕದ ಮನೆಯ ಫಾತಿಮಾ ಬೇಕೆಂದೇ ನನ್ನ ಮೂಗಿಗೆ ಗುರಿಯಿಡುತ್ತಿದ್ದಳು. ವಿಮಾನವನ್ನು ನಾವು ಪಕ್ಕದಿಂದ ಕಂಡವರಲ್ಲ. ನಮಗೆ ಗೊತ್ತಿದ್ದದ್ದು ಅದರ ಹೊಟ್ಟೆ ಮಾತ್ರ.

ನನ್ನ ಬಾಯಿ ಆಗಲೂ ಜೋರು, ಈಗಲೂ ಜೋರು. ಆ ಜೋರಿಗಾಗಿಯೇ ಆರನೇ ಕ್ಲಾಸಿನಲ್ಲಿ ನನ್ನನ್ನು ಸ್ಕೂಲ್ ಡೇ ನಿರೂಪಣೆಗೆ ಆರಿಸಿದ್ದರು. ಇಡೀ ಕಾರ್ಯಕ್ರಮಕ್ಕೆ ಮೈಕ್ ನನ್ನ ಕೈಯಲ್ಲಿ! ದಿನಾ ಸಾಯಂಕಾಲ ಟೆರೇಸಿನ ತುಳಸಿ ಕುಂಡದ ಮುಂದೆ ನಿಂತು, ಅಮ್ಮನ ಲಟ್ಟಣಿಗೆ ಹಿಡಿದು, "ಗೌರವಾನ್ವಿತ ಅತಿಥಿಗಳೇ, ಪೋಷಕರೇ" ಎಂದು ಶುರು ಮಾಡುತ್ತಿದ್ದೆ. ವಿಮಾನ ಬಂದರೆ ನಿಲ್ಲಿಸಿ, ಅದು ದಾಟಿದ ಮೇಲೆ ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದೆ. ಆ ವಯಸ್ಸಿನಲ್ಲಿ ನನಗೆ ಬೇಕಿದ್ದದ್ದು ಆ ಮೈಕ್ ಒಂದೇ.

ಆ ಸಲ ಮದ್ರಾಸಿನ ಹತ್ತಿರ ಸೈಕ್ಲೋನ್ ಎದ್ದಿತ್ತು. ಅಲ್ಲಿ ಸೈಕ್ಲೋನ್ ಎದ್ದರೆ ಇಲ್ಲಿ ನಮಗೆ ನೆಗಡಿ. ಬಿಸಿಲಿಲ್ಲ, ಜೋರು ಮಳೆಯೂ ಇಲ್ಲ, ದಿನವಿಡೀ ಹಿಟ್ಟು ಜರಡಿ ಹಿಡಿದ ಹಾಗೆ ತುಂತುರು. ಮೋಡ ತೆಂಗಿನ ಮರದ ನೆತ್ತಿಗೇ ಇಳಿದಿತ್ತು. ಮನೆಯೊಳಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆಗಳ ಮುಗ್ಗಲು ವಾಸನೆ. ಶುಕ್ರವಾರ ಸಾಯಂಕಾಲ ಅಮ್ಮ, "ಟೆರೇಸ್ ಶೀಟ್ ಕೆಳಗೆ ಅಪ್ಪನ ಷರ್ಟ್ ಇದೆ, ತಗೊಂಡು ಬಾರೇ" ಎಂದಳು. ಹೋದೆ.

ಷರ್ಟಿಗೆ ಕೈ ಹಾಕಿದಾಗ ಸದ್ದು ಬಂತು. ಬೇರೆ ವಿಮಾನಗಳದು ಕಿವಿಗೆ ಬೀಳುವ ಸದ್ದು. ಇದು ಎದೆಯೊಳಗೇ ಗುದ್ದಿತು. ತಗಡಿನ ಶೀಟು ಗಡಗಡ ಅಂದಿತು. ಲಾಲ್‌ಬಾಗ್ ಕಡೆಯ ಮೋಡ ಹರಿದು ಅದು ಹೊರಗೆ ಬಂತು ನೋಡಿ, ಅಯ್ಯಪ್ಪಾ! ಮುಗಿಯುತ್ತಲೇ ಇಲ್ಲ ಆ ಹೊಟ್ಟೆ. ನಮ್ಮ ಮನೆ, ಫಾತಿಮಾ ಮನೆ, ಅದರಾಚೆಯ ಮನೆ, ಎಲ್ಲದಕ್ಕೂ ಸೇರಿ ಒಂದೇ ಸೂರು ಹಾಕಿದ ಹಾಗೆ. ರೆಕ್ಕೆಯ ಕೆಳಗೆ ಡ್ರಮ್ಮಿನಂಥ ನಾಲ್ಕು ಎಂಜಿನ್ನು. ಹೊಟ್ಟೆಯ ಎರಡು ಪಕ್ಕದಲ್ಲೂ ಸಾಲುಸಾಲು ಚಕ್ರ, ಜರಿಹುಳದ ಕಾಲಿನಂತೆ. ಎಣಿಸಲು ಶುರು ಮಾಡಿದೆ, ತಪ್ಪಿತು, ಮತ್ತೆ ಎಣಿಸಿದೆ, ಅಷ್ಟರಲ್ಲಿ ಅದು ನನ್ನನ್ನು ದಾಟಿತ್ತು. ಷರ್ಟು ಯಾವಾಗ ಕೈಬಿಟ್ಟು ಹೋಯಿತೋ ಗೊತ್ತಿಲ್ಲ.

ಕೆಳಗೆ ನೋಡಿದೆ. ಗೇಟಿನಲ್ಲಿ ಅಮ್ಮ ಕೊಡೆ ಹಿಡಿದು ಹೂವಿನವಳ ಜೊತೆ ಮಾತಾಡುತ್ತಿದ್ದವಳು ವಾಡಿಕೆಯಂತೆ ನಿಲ್ಲಿಸಿದ್ದಳು. ವಾಡಿಕೆಯ ಹೊತ್ತಾದ ಮೇಲೆ ಬಾಯಿ ತೆರೆದಳು. ಸದ್ದು ಇನ್ನೂ ಇತ್ತು. ಬಾಯಿ ಮುಚ್ಚಿದಳು. ಹೂವಿನವಳೂ ತೆರೆದು ಮುಚ್ಚಿದಳು. ಟೀ ಅಂಗಡಿಯ ಸಜ್ಜಾ ಕೆಳಗೆ ನಿಂತಿದ್ದವರೆಲ್ಲ ಹಾಗೇ ಮಾಡಿದರು. ಹುಟ್ಟಿದಾಗಿನಿಂದ ತಪ್ಪದ ಬೀದಿಯ ಲೆಕ್ಕ ಅವತ್ತು ಒಟ್ಟಿಗೇ ತಪ್ಪಿತು. ಆದರೂ ತಲೆಯೆತ್ತಿ ಯಾರೊಬ್ಬರೂ ನೋಡಲಿಲ್ಲ. ದಿನಾ ಬರುವುದನ್ನು, ಅದೂ ತುಂತುರಲ್ಲಿ, ಯಾರು ನೋಡುತ್ತಾರೆ?

ಓಡಿ ಹೋಗಿ ಅಮ್ಮನಿಗೆ ಹೇಳಿದರೆ, "ವಿಮಾನ ಇರ್ಲಿ, ಷರ್ಟ್ ಎಲ್ಲೇ?" ಎಂದಳು.

ಆಫೀಸಿನಿಂದ ಅತ್ತೆ ಬರುವವರೆಗೆ ಕಾದೆ. ಸರೋಜತ್ತೆ ಅಪ್ಪನ ತಂಗಿ, ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್, ನಮ್ಮ ಜೊತೆಯಲ್ಲೇ ಇದ್ದಳು. ಕನ್ನಡಕ ತೆಗೆದರೆ ಗೋಡೆಯ ಕ್ಯಾಲೆಂಡರೂ ಕಾಣದು. ಒದ್ದೆ ಸೆರಗಿನಲ್ಲಿ ಆ ಕನ್ನಡಕವನ್ನೇ ಒರೆಸುತ್ತ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದಳು.

"ಎಷ್ಟು ಚಕ್ರ ಇತ್ತು?"

"ಎಣಿಸೋಕೆ ಆಗ್ಲಿಲ್ಲ ಅತ್ತೆ. ತಪ್ಪೋಯ್ತು."

"ಸರಿ. ಎಣಿಸಿದೆ ಅಂದಿದ್ರೆ ನಾನ್ ನಂಬ್ತಿರ್ಲಿಲ್ಲ." ಕಾಫಿ ಲೋಟ ಎತ್ತಿಕೊಂಡಳು. "ಸಾಮಾನು ಸಾಗಿಸೋ ವಿಮಾನ ಇರ್ಬೇಕು. ಮದ್ರಾಸಲ್ಲಿ ಇಳಿಯೋಕೆ ಆಗಿರಲ್ಲ, ಇಲ್ಲಿಗೆ ಬಂದಿದೆ. ಮಳೆ ಬಂದ್ರೆ ನಾವೂ ಯಾರದೋ ಮನೆ ಸಜ್ಜಾ ಕೆಳಗೆ ನಿಂತ್ಕೊಳಲ್ವಾ, ಹಾಗೆ."

ಶನಿವಾರ ಅರ್ಧ ದಿನದ ಸ್ಕೂಲು, ಕೊನೆಯ ಪೀರಿಯಡ್ ಡ್ರಾಯಿಂಗ್. "ನೀವು ಕಣ್ಣಾರೆ ನೋಡಿರೋದನ್ನ ಬರೀರಿ" ಎಂದರು ಮಿಸ್. ನಾನು ನೋಡಿದ್ದನ್ನೇ, ನೋಡಿದ ಹಾಗೇ, ಕೆಳಗಿನಿಂದ ಬರೆದೆ. ಹಾಳೆ ತುಂಬ ಹೊಟ್ಟೆ, ಹೊಟ್ಟೆಗೆ ಎರಡು ಸಾಲು ಚಕ್ರ. ಗಿರಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ ವಿನಯ ಇಣುಕಿ ನೋಡಿ, "ಏನೇ ಇದು, ಜರಿನಾ?" ಎಂದ. ಕ್ಲಾಸೆಲ್ಲ ನಕ್ಕಿತು. ನಗು ಕೇಳಿ ಮಿಸ್ ಬಂದರು.

"ವಿಮಾನ ಮಿಸ್. ನಿನ್ನೆ ನಮ್ಮ ಮನೆ ಮೇಲೆ ಹೋಯ್ತು."

"ಇಷ್ಟೊಂದು ಚಕ್ರ ಇರೋ ವಿಮಾನ ಎಲ್ಲಿದೆಯಮ್ಮ? ಅಂಥದ್ದು ಬಂದಿದ್ರೆ ಪೇಪರಲ್ಲಿ ಬರ್ತಿರ್ಲಿಲ್ವಾ?"

"ಬುರುಡೆ ಮಿಸ್, ಬುರುಡೆ!" ಎಂದ ವಿನಯ.

ಸಿಟ್ಟು ನೆತ್ತಿಗೇರಿತು. "ಕಣ್ಣಾರೆ ನೋಡಿರೋದನ್ನ ಬರೀರಿ ಅಂದವರು ನೀವೇ ಅಲ್ವಾ ಮಿಸ್?" ಎಂದುಬಿಟ್ಟೆ.

ಮಿಸ್ ಮುಖ ಕೆಂಪಾಯಿತು. ಅವರು ಕೆಟ್ಟವರೇನಲ್ಲ. ಆದರೆ ನಲವತ್ತು ಮಕ್ಕಳ ಎದುರು ಎದುರುತ್ತರ ಕೇಳಿಸಿಕೊಂಡು ಸುಮ್ಮನಿರುವವರೂ ಅಲ್ಲ. "ಸೋಮವಾರ ಇಲ್ಲೇ ನಿಂತ್ಕೊಂಡು, ನಾನು ನೋಡಿಲ್ಲ, ಸುಮ್ನೆ ಹೇಳ್ದೆ ಅಂತ ಎಲ್ಲರ ಮುಂದೆ ಹೇಳ್ಬೇಕು. ಇಲ್ಲಾಂದ್ರೆ ಮೈಕ್ ಬೇರೆಯವರಿಗೆ. ಸುಳ್ಳು ಹೇಳೋರು ಸ್ಕೂಲಿನ ಪರವಾಗಿ ಮಾತಾಡೋದು ಬೇಡ."

ಮನೆಯಲ್ಲಿ ಅಮ್ಮ, "ಅಯ್ಯೋ, ಹೇಳಿಬಿಡೇ ಅತ್ಲಾಗೆ. ನಿನ್ ಗಂಟೇನು ಹೋಗತ್ತೆ? ಇಷ್ಟು ದಿನ ಲಟ್ಟಣಿಗೆ ಹಿಡಿದು ಕುಣಿದಿದ್ದೀಯ" ಎಂದಳು. ಅವಳ ಮಾತು ನಿಜವೇ. ಎರಡು ವಾಕ್ಯ ಹೇಳಿದರೆ ಮೈಕ್ ಸಿಗುತ್ತಿತ್ತು. ನಾನು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟೆ. ನೋಡಿದ್ದನ್ನು ನೋಡಿಲ್ಲ ಅನ್ನಲು ನನ್ನ ನಾಲಗೆ ಹೊರಳುತ್ತಲೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಸರೋಜತ್ತೆ, "ಏಳು, ನೋಡ್ಕೊಂಡು ಬರೋಣ" ಎಂದು ನನ್ನನ್ನು ಎಬ್ಬಿಸಿದಳು. ಎರಡು ಬಸ್ಸು ಬದಲಿಸಿ ಏರ್‌ಪೋರ್ಟ್ ರಸ್ತೆಗೆ ಹೋದೆವು. ತುಂತುರು ನಿಂತು, ಬಿಸಿಲು ಬಿದ್ದಿತ್ತು. ಕಾಂಪೌಂಡ್ ಗೋಡೆಯ ಉದ್ದಕ್ಕೂ ನಡೆದೆವು. ಸಂದು ಸಿಕ್ಕ ಕಡೆಯೆಲ್ಲ ಅತ್ತೆ ನನ್ನನ್ನು ಸೊಂಟ ಹಿಡಿದು ಎತ್ತಿದಳು. ಒದ್ದೆ ಹುಲ್ಲು, ದಿನಾ ಕಾಣುವ ಒಂದೆರಡು ವಿಮಾನ. ನನ್ನದು ಇರಲಿಲ್ಲ.

"ಇಲ್ಲ ಅತ್ತೆ" ಎಂದೆ.

ಅತ್ತೆ ನನ್ನನ್ನು ಇಳಿಸಿ ಸೀರೆಯ ನೆರಿಗೆ ಸರಿ ಮಾಡಿಕೊಂಡಳು. "ಮಳೆ ನಿಂತಿದೆ, ಹೊರಟೋಗಿದೆ. ಅದಕ್ಕೇನು ಇಲ್ಲಿ ಮನೆ ಇದೆಯಾ?" ಬಿಸಿ ಕಡಲೆಕಾಯಿಯ ಪೊಟ್ಟಣ ಕೊಡಿಸಿದಳು. "ನೀನು ನೋಡಿದ್ದು ನಿಜ ತಾನೇ?"

"ನಿಜ."

"ಹಾಗಾದ್ರೆ ಮೈಕ್ ಹೋದ್ರೆ ಹೋಗ್ಲಿ ಬಿಡು. ಬಾಯಿ ನಿಂದು ಅಲ್ವಾ? ಅದು ಎಲ್ಲಿಗೂ ಹೋಗಲ್ಲ."

ಬಸ್ಸಿನಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಾಗ ನನಗೆ ಗೇಟಿನಲ್ಲಿ ನಿಂತ ಅಮ್ಮನ ಬಾಯಿ ನೆನಪಾಯಿತು. ತೆರೆದು, ಮುಚ್ಚಿ, ಮತ್ತೆ ಕಾದ ಬಾಯಿ. ಅರೆ, ಯಾರೂ ನೋಡದಿದ್ದರೇನು, ಎಲ್ಲರೂ ಕಾದಿದ್ದರಲ್ಲ!

ಸೋಮವಾರ ಮಿಸ್ ನನ್ನನ್ನು ಮುಂದೆ ಕರೆದು ನಿಲ್ಲಿಸಿದರು. ನನ್ನ ಧ್ವನಿ ನಡುಗಲಿಲ್ಲ. "ನಾನು ನೋಡಿದೀನಿ ಮಿಸ್. ನೀವೂ ಇಲ್ಲೇ ಜಯನಗರ ಫಸ್ಟ್ ಬ್ಲಾಕಲ್ಲಿ ಇರೋದು. ಶುಕ್ರವಾರ ಸಾಯಂಕಾಲ ವಿಮಾನ ಬಂದಾಗ ನೀವು ಮಾತು ಶುರು ಮಾಡಿ ಮತ್ತೆ ನಿಲ್ಲಿಸ್ಲಿಲ್ವಾ?"

ಹಿಂದಿನ ಬೆಂಚಿನಿಂದ ಫಾತಿಮಾ ಎದ್ದಳು. "ಹೌದು ಮಿಸ್. ನಮ್ಮ ಅಬ್ಬಾ ಎರಡು ಸಲ ಮಾತು ನಿಲ್ಲಿಸಿದ್ರು. ಇವತ್ತು ಏನು ಇಷ್ಟು ಹೊತ್ತು ಅಂತ ಬೈದ್ರು. ಇವಳ ಅಪ್ಪನ ಷರ್ಟ್ ಆಗ್ಲೇ ನಮ್ಮನೆ ಹಿತ್ತಲಿಗೆ ಬಂದು ಬಿದ್ದಿದ್ದು." ಇನ್ನೊಬ್ಬಳು, "ನಮ್ಮನೇಲೂ ಮಿಸ್, ಅಜ್ಜಿ ಮಂತ್ರ ತಪ್ಪೋಯ್ತು" ಎಂದಳು. ಸಿದ್ದಾಪುರದವರು, ಫಸ್ಟ್ ಬ್ಲಾಕಿನವರು, ಒಬ್ಬೊಬ್ಬರಾಗಿ ಎದ್ದರು. ವಿನಯ ಮಾತ್ರ ಏನೂ ಅರ್ಥವಾಗದೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಗಿರಿನಗರದಲ್ಲಿ ಮಾತು ನಿಲ್ಲುವ ಪದ್ಧತಿ ಇಲ್ಲ.

ಮಿಸ್ ಡಸ್ಟರ್ ಎತ್ತಿ ಮೇಜಿನ ಮೇಲಿಟ್ಟರು. ಅವರಿಗೂ ನೆನಪಾಯಿತು, ನಾನು ಅವರ ಮುಖದಲ್ಲಿ ಅದನ್ನು ನೋಡಿದೆ. ಆದರೆ ಅವರು ಹೇಳಿದ್ದು ಇಷ್ಟು: "ಗುಡುಗು ಇರ್ಬೇಕು. ಎಲ್ಲರೂ ಕೂತ್ಕೊಳಿ. ಮೈಕ್ ವಿನಯ್‌ಗೆ."

ಸ್ಕೂಲ್ ಡೇ ದಿನ ನಾನು ಜನರ ಮಧ್ಯೆ ಅತ್ತೆಯ ಪಕ್ಕ ಕೂತಿದ್ದೆ. ವಿನಯ "ಗೌರವಾನ್ವಿತ ಅತಿಥಿಗಳೇ" ಎಂದಾಗ ಹೊಟ್ಟೆ ಉರಿಯಿತು, ಯಾಕೆ ಸುಳ್ಳು ಹೇಳಲಿ. ಅಷ್ಟರಲ್ಲಿ ಮೇಲೆ ಒಂದು ಮಾಮೂಲಿ ವಿಮಾನ ಬಂತು. ಇಡೀ ಶಾಮಿಯಾನ ವಾಡಿಕೆಯಂತೆ ಸುಮ್ಮನಾಯಿತು. ವಿನಯ ನಿಲ್ಲಿಸಲಿಲ್ಲ. ಚೀಟಿ ನೋಡಿಕೊಂಡು ಓದುತ್ತಲೇ ಹೋದ. ಮುಖ್ಯ ಅತಿಥಿಯ ಹೆಸರು, ಬಿರುದು, ಎಲ್ಲವನ್ನೂ ವಿಮಾನ ನುಂಗಿತು. ಅತ್ತೆ ನನ್ನ ತೊಡೆ ಚಿವುಟಿದಳು. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು, ಸೆರಗು ಅವಳೊಬ್ಬಳದೇ.

ಈಗ ಏರ್‌ಪೋರ್ಟು ಊರಾಚೆ ಉತ್ತರಕ್ಕೆ ಹೋಗಿದೆ. ನಾನು ಬನಶಂಕರಿಯಲ್ಲಿದ್ದೇನೆ. ಸಿದ್ದಾಪುರದ ಬೀದಿಯಲ್ಲಿ ಇಂದು ಯಾರೂ ಯಾರಿಗಾಗಿಯೂ ಮಾತು ನಿಲ್ಲಿಸುವುದಿಲ್ಲ. ಗಾಡಿಗಳ ಹಾರನ್ನಿನ ಮೇಲೆ ಎಲ್ಲರೂ ಕಿರುಚುತ್ತಾರೆ, ಊರೆಲ್ಲ ಹೊಸ ಬಾಡಿಗೆದಾರರೇ ಅನ್ನಿಸುತ್ತದೆ. ಸರೋಜತ್ತೆ ಹೋಗಿ ವರ್ಷಗಳಾದವು. ಅವಳ ಕನ್ನಡಕ ನನ್ನ ಬೀರುವಿನಲ್ಲಿದೆ. ಅವರೆಕಾಯಿ ಬರುತ್ತದೆ, ಆದರೆ ಹಿತುಕಿದ ಬೇಳೆಯೇ ಪೊಟ್ಟಣದಲ್ಲಿ ಸಿಗುವುದರಿಂದ ಯಾರ ಮೂಗಿಗೂ ಬಡಿಯುವುದಿಲ್ಲ.

ಈ ಚಳಿಗಾಲ ಚೆನ್ನೈಯಲ್ಲಿ ಮತ್ತೆ ಸೈಕ್ಲೋನ್. ನಮ್ಮ ಸ್ಕೂಲಿನ ವಾಟ್ಸಾಪ್ ಗ್ರೂಪಿಗೆ ವಿನಯ ಒಂದು ವಿಡಿಯೋ ಹಾಕಿದ. ಅಲ್ಲಿ ಇಳಿಯಲಾಗದ ದೈತ್ಯ ಸರಕು ವಿಮಾನವೊಂದು ಬೆಂಗಳೂರಿನ ಹೊಸ ಏರ್‌ಪೋರ್ಟಿಗೆ ಬಂದಿಳಿಯುತ್ತಿತ್ತು. ನಾಲ್ಕು ಎಂಜಿನ್ನು, ಹೊಟ್ಟೆಯ ಎರಡು ಪಕ್ಕ ಸಾಲುಸಾಲು ಚಕ್ರ. ಕೆಳಗೆ ಬರೆದಿದ್ದ: "ಶೈಲಾ, ನೀನು ಅವತ್ತು ಬರೆದಿದ್ದು ಇದೇ ಅಲ್ವೇನೇ? ಈಗ ನಂಬ್ತೀನಿ ಮಗಾ. ಸಾರಿ." ಸಾಲಾಗಿ ಹೆಬ್ಬೆರಳುಗಳು ಬಂದವು, ಕೈ ಮುಗಿಯುವ ಚಿತ್ರಗಳು ಬಂದವು. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ಪರವಾಗಿಲ್ಲ ಬಿಡೋ, ಅದೆಲ್ಲ ಹಳೇ ಮಾತು ಎಂದು ಬರೆದರೆ ಮುಗಿಯುತ್ತಿತ್ತು. ಅಂದಿನಂತೆ ಇಂದೂ ಎರಡೇ ವಾಕ್ಯದ ಕೆಲಸ. ನಾನು ಬರೆದದ್ದೂ ಎರಡೇ ವಾಕ್ಯ:

"ವಿಡಿಯೋ ನೋಡಿದ್ಮೇಲೆ ಯಾರು ಬೇಕಾದ್ರೂ ನಂಬ್ತಾರೆ ಕಣೋ, ನಿನ್ ಸಾರಿ ನೀನೇ ಇಟ್ಕೋ. ನಮ್ಮತ್ತೆ ಬರೀ ನನ್ನ ಮುಖ ನೋಡಿ ನಂಬಿದ್ಲು."