ಕಲ್ಲು ಓದಬೇಕಿದ್ದವಳು

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಸೂಜಿ ಅಕ್ಕ ಎನ್ನುತ್ತಾರೆ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಬೆರಳಲ್ಲಿ ನರ ತಡವಿ, ಚುಚ್ಚಿದ್ದು ಗೊತ್ತಾಗುವ ಮೊದಲೇ ಹತ್ತಿ ಒತ್ತಿಬಿಡುವ ಕೈ ಅವಳದು. ಸೂಜಿ ಕಂಡರೆ ಹೌಹಾರುವವರು ಅವಳ ಪಾಳಿ ಯಾವಾಗ ಎಂದು ಕೇಳಿಕೊಂಡೇ ಬರುತ್ತಾರೆ. ಯಾರಾದರೂ ಹೊಗಳಿದರೆ ಮಾತ್ರ ಅವಳಿಗೆ ಮೈ ಉರಿಯುತ್ತದೆ.

ಅವಳಿಗೆ ಬೇಕಿದ್ದದ್ದು ಭೂವಿಜ್ಞಾನ. ಮನೆಯ ಹಿಂದೆ ಕೈಬಿಟ್ಟ ಕಲ್ಲು ಕ್ವಾರಿಯೊಂದಿತ್ತು. ಅಲ್ಲಿಂದ ಕಲ್ಲು ಆರಿಸಿ ತಂದು, ಒಡೆದು, ಒಳಗಿನ ಗೆರೆ ನೋಡುತ್ತ ಕೂರುತ್ತಿದ್ದಳು. ಕಸ ಗುಡಿಸುವಾಗ ಅಮ್ಮ ಅವನ್ನು ಆಚೆ ಎಸೆಯುವುದು, ಇವಳು ಹೋಗಿ ಮತ್ತೆ ತರುವುದು. ಹಟ ಹಿಡಿದು ಓದಿ, ತಮ್ಮೂರಿನ ಕಾಲೇಜಿನಲ್ಲೇ ಆ ವಿಷಯಕ್ಕೆ ಸೀಟು ಗಿಟ್ಟಿಸಿದಳು. ಮಧ್ಯೆ ಇವಳಿಗೆ ಕಾಮಾಲೆ ಬಂದು ಒಂದು ವರ್ಷ ಹಾಳಾಗಿದ್ದರಿಂದ, ವರ್ಷಕ್ಕೆ ಕಿರಿಯಳಾದ ತಂಗಿಯೂ ಆ ವರ್ಷವೇ ಕಾಲೇಜು ಸೇರುವವಳಿದ್ದಳು. ತಂಗಿಗೆ ಸಿಕ್ಕಿದ್ದು ಬೇರೆ ಊರಿನಲ್ಲಿ, ಲ್ಯಾಬ್ ಟೆಕ್ನಾಲಜಿ.

ತಂಗಿಯನ್ನು ಸೇರಿಸಲು ಅಪ್ಪ ಹೊರಟಾಗ ಇವಳೂ ಜೊತೆಗೆ ಹೋದಳು, ಹಾಸಿಗೆ, ಬಕೆಟ್ಟು ಹೊರಲು ಒಂದು ಕೈ ಇರಲಿ ಅಂತ. ಅಲ್ಲಿ ಆಫೀಸಿನ ಮುಂದಿನ ಸಾಲಿನಲ್ಲಿ ನಿಂತಿದ್ದಾಗ ಅಪ್ಪ ಇವಳನ್ನು ಪಕ್ಕಕ್ಕೆ ಕರೆದರು. ಟೈಲರ್ ಅಪ್ಪ ಮೆಲುಮಾತಿನ ಮನುಷ್ಯ.

"ಅವಳಿಗೆ ಉಬ್ಬಸ ಇದೆ. ಹಾಸ್ಟೆಲಲ್ಲಿ ಒಬ್ಬಳನ್ನೇ ಬಿಟ್ರೆ ನಿಮ್ಮಮ್ಮ ನಿದ್ದೆ ಮಾಡಲ್ಲ. ಇಲ್ಲಿ ಇನ್ನೂ ಸೀಟು ಖಾಲಿ ಇದೆಯಂತೆ. ನೀನೂ ಇದನ್ನೇ ತಗೊಂಡ್ಬಿಡು."

ಇವಳು ಬೇರೇನೂ ಹೊಳೆಯದೆ, "ನನ್ನ ಅಂಕಪಟ್ಟಿ ಮನೇಲಿದೆ" ಎಂದಳು.

"ತಂದಿದ್ದೀನಿ."

ಅಂದರೆ ಇದೆಲ್ಲ ಮನೆಯಲ್ಲೇ ತೀರ್ಮಾನವಾಗಿತ್ತು. ಬೆಳಿಗ್ಗೆ ತಲೆ ಬಾಚುತ್ತ ಅಮ್ಮ ಯಾಕೆ ಅಷ್ಟು ಮಮತೆ ತೋರಿಸಿದ್ದಳೆಂದು ಈಗ ಅರ್ಥವಾಯಿತು. ಕಿಟಕಿಯ ಹಿಂದಿದ್ದ ಗುಮಾಸ್ತೆ, ಇಷ್ಟವಿದ್ದೇ ಸೇರುತ್ತಿದ್ದೀಯಾ, ಆಮೇಲೆ ಬದಲಾಯಿಸುವಂತಿಲ್ಲ ಎಂದು ಕೇಳಿದಳು. ಹಾಗೆ ಕೇಳಿದವಳು ಅವಳೊಬ್ಬಳೇ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಇವಳು ಹೂಂ ಎಂದಳು.

ಮೊದಲ ಪ್ರಾಕ್ಟಿಕಲ್ಲಿನಲ್ಲಿ ರಕ್ತ ನೋಡಿ ಇವಳು ಬವಳಿ ಬಂದು ಬಿದ್ದಳು. ತಂಗಿಗೆ ಏನೂ ಆಗಲಿಲ್ಲ. ಆದರೂ ಕೋರ್ಸು ಬಿಟ್ಟವಳು ತಂಗಿಯೇ. ಮೊದಲ ಪರೀಕ್ಷೆಗೆ ಮುಂಚೆಯೇ, ಸ್ಪಿರಿಟ್ ವಾಸನೆಗೆ ಉಬ್ಬಸ ಹೆಚ್ಚುತ್ತದೆ ಎಂದು ಗಂಟುಮೂಟೆ ಕಟ್ಟಿದಳು. ಮುಂದಿನ ವರ್ಷ ಸೋದರಮಾವನ ಮನೆಯಲ್ಲಿದ್ದುಕೊಂಡು ಪತ್ರಿಕೋದ್ಯಮಕ್ಕೆ ಸೇರಿದಳು. ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ತಾನೂ ಬಂದುಬಿಡಲೇ ಎಂದು ಇವಳು ಫೋನಿನಲ್ಲಿ ಅಮ್ಮನನ್ನು ಕೇಳಿದಳು. ಇಬ್ಬರೂ ಬಿಟ್ಟು ಬಂದರೆ ನೋಡಿದವರು ಏನೆಂದಾರು ಎಂದಳು ಅಮ್ಮ. "ಅಲ್ದೆ ನಿಂಗೆ ಒಗ್ಗಿದೆಯಲ್ಲ."

ತಂಗಿಯಿಲ್ಲದ ಆ ಹಾಸ್ಟೆಲ್ ಕೋಣೆಯಲ್ಲಿ ಅವಳು ಕೋರ್ಸು ಮುಗಿಸಿದಳು. ಕೈ ಪಳಗಿತು, ಬವಳಿ ನಿಂತಿತು. ಊರಿಗೆ ಬಂದು ಲ್ಯಾಬು ಸೇರಿದಳು, ಮದುವೆಯಾದಳು, ಒಬ್ಬ ಮಗನಾದ. ಕಾಲೇಜು ಸೇರಿಸಿದ ಆ ದಿನದ ಮಾತನ್ನು ಯಾರೆದುರೂ ಎತ್ತಲಿಲ್ಲ. ಅಪ್ಪನಿಗೂ ಅದು ಒಳಗೊಳಗೇ ಕೊರೆಯುತ್ತಿರಬಹುದು, ಅದಕ್ಕೇ ಸುಮ್ಮನಿದ್ದಾರೆ ಎಂದುಕೊಂಡಿದ್ದಳು. ಅಷ್ಟು ಸಮಾಧಾನ ಅವಳಿಗೆ ಸಾಕಾಗಿತ್ತು.

ಹೋದ ವರ್ಷ ತಂಗಿಯ ಮಗಳು ಕಾಲೇಜು ಸೇರುವ ಹೊತ್ತಾಯಿತು. ಇವತ್ತು ಒಂದು ವಿಷಯ, ನಾಳೆ ಇನ್ನೊಂದು ಎನ್ನುತ್ತಿದ್ದಳು ಹುಡುಗಿ. ಒಂದು ಭಾನುವಾರ ತಂಗಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಪ್ಪ ಮೊಮ್ಮಗಳಿಗೆ ಬುದ್ಧಿ ಹೇಳಿದರು.

"ನಿನ್ನ ದೊಡ್ಡಮ್ಮನ ಥರ ಕೊನೇ ಗಳಿಗೇಲಿ ಮನಸ್ಸು ಬದಲಾಯಿಸ್ಬೇಡ. ಕಲ್ಲು ಓದ್ತೀನಿ ಅಂತ ಕುಣೀತಿದ್ಲು. ತಂಗಿ ಸೇರಿದ್ದು ನೋಡಿ, ನಂಗೂ ಇದೇ ಬೇಕು ಅಂತ ಕೂತ್ಲು."

ಅವರ ಮುಖದಲ್ಲಿ ಕಪಟವಿರಲಿಲ್ಲ. ನಡೆದದ್ದು ಹಾಗೇ ಎಂದು ಅವರು ನಿಜವಾಗಿ ನಂಬಿದ್ದರು. ಅವಳು ಬಾಗಿಲಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದ ಅಮ್ಮನತ್ತ ನೋಡಿದಳು. ಅಮ್ಮ ಒಳಗೆ ಹೋಗಿಬಿಟ್ಟಳು.

"ನಾನು ಬದಲಾಯಿಸ್ಲಿಲ್ಲ ಅಪ್ಪ. ನನ್ನ ಅಂಕಪಟ್ಟಿ ಬ್ಯಾಗಲ್ಲಿ ಇಟ್ಕೊಂಡು ಬಂದಿದ್ದು ನೀವು. ಇವಳನ್ನ ನೋಡ್ಕೊಳ್ಳೋಕೆ ಸೇರಿಸಿದ್ರಿ."

ಅಪ್ಪ ಕಣ್ಣು ಕಿರಿದು ಮಾಡಿ ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಉತ್ತರ ಕೊಟ್ಟವಳು ತಂಗಿ.

"ನನ್ನ ಜೊತೆ ಬಾ ಅಂತ ನಾನು ನಿನ್ನ ಕೇಳಿದ್ನಾ ಅಕ್ಕ?"

ಕೇಳಿರಲಿಲ್ಲ, ನಿಜ. ಅವಳು ಎದ್ದು ಕೈ ತೊಳೆದು, ಮಗನನ್ನು ಕರೆದುಕೊಂಡು ಮನೆಗೆ ಹೊರಟಳು. ಯಾರೂ ತಡೆಯಲಿಲ್ಲ. ಬಾಗಿಲ ತನಕ ಬಂದ ಅಮ್ಮ, ಮೊಮ್ಮಗಳ ಎದುರಿಗೆ ಅಪ್ಪನಿಗೆ ಹಾಗನ್ನಬಾರದಿತ್ತು ಎಂದಷ್ಟೇ ಹೇಳಿದಳು.

ಕೆಲವು ವಾರ ಆ ಮನೆಯಿಂದ ಫೋನ್ ಬರಲಿಲ್ಲ. ಬಂದಾಗ, ತಂಗಿ ಏನೂ ನಡೆದೇ ಇಲ್ಲವೆಂಬಂತೆ ಮಾತಾಡಿದಳು. ತನ್ನ ಅತ್ತೆಗೆ ಸುಸ್ತಂತೆ, ರಕ್ತ ತೆಗೆಸಬೇಕಂತೆ, ಬೇರೆಯವರಾದರೆ ನೋಯಿಸುತ್ತಾರಂತೆ. "ನಿನ್ನ ಕೈ ಅಂದ್ರೆ ಅವರಿಗೆ ಧೈರ್ಯ ಅಕ್ಕ. ನೀನು ಈ ಕೋರ್ಸ್ ಮಾಡಿದ್ದು ಎಷ್ಟು ಒಳ್ಳೇದಾಯ್ತು ನೋಡು."

ಅವಳು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬರಲು ಹೇಳಿ ಫೋನಿಟ್ಟಳು.